ಯೋಗ ಮಾಡಿ ದಪ್ಪಗಾದೆ

ಅಂದೂ ಎಂದಿನಂತೆ ನಸುಕಿನಲ್ಲೇ ಎದ್ದು, ಗಂಗಾವತಿಯ ನಮ್ಮ ಮನೆಯ ಮಾಳಿಗೆ ಮೇಲೆ ಚಾಪೆ ಹಾಸಿ ಸೂರ್ಯನಮಸ್ಕಾರ ಮುಗಿಸಿದೆ. ಕೆಳಗಿಳಿದಾಗ ನಮ್ಮ ಮನೆಯವರು ಆಗಲೇ ಅಕ್ಕಿ ಮಿಲ್ಲಿಗೆ ಹೋಗಿದ್ದರು. ಸ್ನಾನ ಮಾಡಿ ರವಿಕೆ ತೊಟ್ಟರೆ ತೋಳು ಏರಲೇ ಇಲ್ಲ. ತೆಳ್ಳಗಾಗಬೇಕೆಂದು ಯೋಗ ಶುರು ಮಾಡಿದವಳು ದಪ್ಪಗಾಗಿದ್ದೆ! ಕಾರಣ ನನಗೆ ಗೊತ್ತಿತ್ತು. ಅವರಿಗಾಗಿ ಕಾದು, ಮಧ್ಯಾಹ್ನ ತಣ್ಣನೆಯ ರೊಟ್ಟಿ ಅರ್ಧ ತಿಂದು ಏಳುತ್ತಿದ್ದವಳಿಗೆ ಈಗ ಬೆಳಿಗ್ಗೆಯೇ ಹಸಿವು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಅಡುಗೆಮನೆಯಲ್ಲಿ ಒಬ್ಬಳೇ ಕೂತು ತಿನ್ನುತ್ತಿದ್ದೆ.

ಮಧ್ಯಾಹ್ನ ಅವರು ಊಟಕ್ಕೆ ಕೂತಾಗ ಎದುರು ನಿಂತು, "ನನ್ನಾಗ ಏನರ ಫರಕ್ ಕಾಣಸ್ತೈತೇನ್ರಿ?" ಎಂದೆ. ದಪ್ಪಗಾಗಿದ್ದೀ ಎಂದು ನಕ್ಕಿದ್ದರೂ ಸಾಕಿತ್ತು.

"ಸೀರಿ ಛಲೋ ಐತಿ. ಹೊಸಾದೇನು?" ಎಂದು ಮತ್ತೆ ಪೇಪರಿಗೆ ಕಣ್ಣು ಹಾಕಿದರು. ಸೀರೆ ಉಟ್ಟು ಉಟ್ಟು ಅಂಚು ಬಿಳಿಚಿತ್ತು.

ಸಂಜೆ ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಪಕ್ಕದ ಮನೆಯ ಶರಣಮ್ಮ ಕಾಂಪೌಂಡಿಗೆ ಒರಗಿ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು. ಯಾರೋ ಒಬ್ಬರು ನೋಡಿದರಲ್ಲ ಎಂದು ಜೀವಕ್ಕೆ ಹಾಯೆನಿಸಿತು. ಯೋಗ ಶುರು ಮಾಡಿದಂದಿನಿಂದ ನಾನು ಊರು ಬಿಟ್ಟು ಒಂದು ದಿನವೂ ಹೋಗಿರಲಿಲ್ಲ.

"ಮೈ ಕೈ ತುಂಬ್ಕೊಂಡೀರಲ್ರೀ ಅಕ್ಕಾರ!" ಎಂದರು ಶರಣಮ್ಮ. "ತವರುಮನಿಯಿಂದ ಯಾವಾಗ ಬಂದ್ರಿ?"