ನಬಿಸಾಬನ ಅಳತೆಯ ನೂಲು

ಇಳಕಲ್ಲಿನ ನೇಕಾರ ನಬಿಸಾಬನಿಗೆ ಸೀರೆ ನೇಯುವುದು ಹೊಟ್ಟೆಪಾಡು, ಊರವರ ಹೊಟ್ಟೆ ನೋಡುವುದು ಹುಚ್ಚು. ಯಾರಿಗೆ ಹೊಟ್ಟೆ ನೋಯಲಿ, ಮಗ್ಗ ಬಿಟ್ಟು ಏಳುವನು. ಅವರನ್ನು ಮಲಗಿಸಿ ಹೊಕ್ಕಳಿನಿಂದ ಎರಡೂ ಕಾಲಿನ ಹೆಬ್ಬೆರಳಿಗೆ ನೂಲು ಹಿಡಿದು ಅಳೆಯುವನು. ಒಂದು ಕಡೆ ಹೆಚ್ಚು ಬಂತೋ, "ಹೊಕ್ಕಳ ಸರದೈತಿ" ಎಂದು ಎಣ್ಣೆ ಹಚ್ಚಿ ತಿಕ್ಕುವನು. ಮೂವತ್ತು ವರ್ಷದಲ್ಲಿ ಒಬ್ಬರಿಗೂ ನೂಲು ಎರಡೂ ಕಡೆ ಸರಿಯಾಗಿ ಬಂದದ್ದಿಲ್ಲ. ಬಂದವರಿಗೆಲ್ಲ ಚಹಾ ಕಾಸಿ ಕಾಸಿ ಹೆಂಡತಿ ಕಾಸಿಂಬಿಗೆ ಸಾಕುಸಾಕಾಗಿತ್ತು.

ಮೊನ್ನೆ ಬೆಳಿಗ್ಗೆ ಅವನದೇ ಹೊಟ್ಟೆ ಹಿಡಿಯಿತು. ಬಲಗಡೆ ಕೆಳಗೆ ಒತ್ತಿಕೊಂಡು, ಬೆವೆತು, ಎರಡು ಸಲ ವಾಂತಿ ಮಾಡಿದ.

"ದವಾಖಾನಿಗೆ ನಡೀರಿ," ಎಂದಳು ಕಾಸಿಂಬಿ.

"ಊರ ಮಂದಿ ಹೊಟ್ಟಿ ನೋಡಾಂವ ದವಾಖಾನಿಗೆ ಹೋದ್ರ ಓಣ್ಯಾಗ ಮಾರಿ ಹೆಂಗ ತೋರಸ್ಲಿ? ನೂಲ ತಾ."

ಅಜವಾನದ ನೀರು ಕುಡಿಸಿದಳು. ಅದೂ ಹೊರಗೆ ಬಂತು. ಸೊಸೆ ಗೌಸಿಯಾ ಫೋನ್ ಮಾಡಿ ಆಟೋ ಕರೆಸಿದಳು. ನಬಿಸಾಬ ಆಟೋದವನನ್ನು ಮಲಗಿದಲ್ಲಿಂದಲೇ ಬೈದು ಕಳಿಸಿದ. ಈ ಮನುಷ್ಯನಿಗೆ ಬುದ್ಧಿ ಹೇಳುವುದಕ್ಕಿಂತ ಗೋಡೆಗೆ ಹೇಳುವುದು ಲೇಸು.

ಕೊನೆಗೆ ಕಾಸಿಂಬಿ ಸಿಟ್ಟಿನಲ್ಲೇ ನೂಲು ತಂದು, ತುದಿಯನ್ನು ಅವನ ಹೆಬ್ಬೆರಳಿಗೆ ಹಿಡಿದಳು. ಬಲಗಾಲು, ಎಡಗಾಲು, ಎರಡೂ ಸರಿ. ಅವಳು ಬಾಯಿ ತೆರೆಯುವಷ್ಟರಲ್ಲಿ ಹೊಕ್ಕಳ ಮೇಲಿದ್ದ ಅವನ ಬೆರಳು ನೂಲನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಿತು.

"ನೋಡಿದೇನ? ಎಡಕ್ಕ ಎರಡ ಬೆರಳ ಕಮ್ಮಿ. ತಿಕ್ಕು."

ಬುದ್ಧಿ ಬಂದಾಗಿನಿಂದ ಮಗ್ಗದ ಎಳೆ ಜೋಡಿಸಿದವಳು. ನೂಲು ತಾನಾಗಿ ಬಿಗಿಯುವುದಕ್ಕೂ ಯಾರೋ ಜಗ್ಗುವುದಕ್ಕೂ ಇರುವ ಫರಕು ಅವಳ ಬೆರಳಿಗೆ ಗೊತ್ತು. ಪ್ರಾಣಕ್ಕೆ ಬಂದಾಗಲೂ ಸುಳ್ಳಾಡುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಅದರ ಹಿಂದೆಯೇ ಹೆದರಿಕೆಯೂ ಬಂತು.

"ಜಗ್ಗಬ್ಯಾಡ್ರಿ! ಹೊಕ್ಕಳ ಇದ್ದಲ್ಲೇ ಐತಿ. ನಾ ಹೊಟ್ಟಿ ಮುಟ್ಟಾಂಗಿಲ್ಲ. ಏಳ್ರಿ, ಇಲ್ಲಾಂದ್ರ ಇದ ನೂಲಿಂದ ಕೈಕಾಲ ಕಟ್ಟಿ ಒಯ್ತೇನಿ."

ಅವನು ಎದ್ದ.

ಅಪೆಂಡಿಕ್ಸ್ ಊದಿ, ಇನ್ನೇನು ಒಡೆಯುವುದರಲ್ಲಿತ್ತು. "ಪುಣ್ಯಾಕ್ಕ ಯಾರೂ ತಿಕ್ಕಿಲ್ಲ," ಎಂದರು ಡಾಕ್ಟರು. ಅಂದೇ ಆಪರೇಶನ್ ಆಯಿತು.

ಮೂರನೆಯ ದಿನ ಕಾಸಿಂಬಿ ದವಾಖಾನೆಗೆ ಗಂಜಿ ತಂದಾಗ ನಬಿಸಾಬ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

"ಎರಡೂ ಕಡೆ ಸರಿ ಬಂದ್ರ ಏನ ಮಾಡಬೇಕಂತ ನನಗ ಯಾರೂ ಕಲಿಸಿಲ್ಲ, ಕಾಸಿಂಬಿ. ಅದಕ್ಕ ಜಗ್ಗತಿದ್ದೆ."

"ಮೂವತ್ತು ವರ್ಷ?"

ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

"ಸರಿ ಬಂದ್ರ ದವಾಖಾನಿ. ಬರಲಿಲ್ಲಂದ್ರೂ ದವಾಖಾನಿ," ಎಂದಳು ಕಾಸಿಂಬಿ. "ಕಲ್ತ್ರಲ್ಲ? ಗಂಜಿ ಕುಡೀರಿ."