ಗುಳಿಗೆ ಮೇಷ್ಟ್ರ ಅಳಿಯಂದಿರು

ಬಟ್ಟೆಪೆಟ್ಟಿಗೆಗೆ ಹಾಕುವ ಡಾಂಬರು ಗುಳಿಗೆಯ ವಾಸನೆ ಮೇಷ್ಟ್ರಿಗಿಂತ ಮೊದಲೇ ಕಾಲೇಜಿನ ಮೆಟ್ಟಿಲು ಹತ್ತುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಗುಳಿಗೆ ಮೇಷ್ಟ್ರು. ಡಾಂಬರು ಕಾಯಿಸುವ ಅಂಗಳದ ಮಣ್ಣಿನಿಂದ ಅವರೊಂದು ಬ್ಯಾಕ್ಟೀರಿಯಾ ಹಿಡಿದು ತಂದಿದ್ದರು. ಗುಳಿಗೆಯಲ್ಲಿ ಉಂಗುರದಂತೆ ಹೆಣೆದುಕೊಂಡ ಇಂಗಾಲವನ್ನು ಒಡೆದು, ಅದನ್ನೇ ತಿಂದು ಅದು ಬದುಕುತ್ತದೆ ಎಂಬುದು ಅವರ ವಾದ. ವಾದ ಗೆದ್ದರೆ ವಿಭಾಗದ ಮುಖ್ಯಸ್ಥರ ಕುರ್ಚಿ ಅವರದು. ಕುರ್ಚಿಗೆ ದಿಂಬು ಆಗಲೇ ಹೊಲಿಸಿ ಕಾಲೇಜಿಗೆ ತಂದಿಟ್ಟಾಗಿತ್ತು.

"ಮಗಳ ಗಂಡ ಬಂದಾಗ ನೀರು ಬೇಕಾ ಅಂತ ಕೇಳಿದವರಲ್ಲ. ಈಗ ಈ ಹುಳಗಳೇ ಅಳಿಯಂದಿರು, ಎಂಥ ಉಪಚಾರ!" ಎಂದಿದ್ದರು ದಿಂಬು ಹೊಲಿದ ಹೆಂಡತಿ.

ಪಕ್ಕದ ಮೇಜಿನ ಹಿರಿಯ ಉಪನ್ಯಾಸಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಗಾಜಿನ ತಟ್ಟೆಯಲ್ಲಿ ಸೊಂಪಾಗಿ ಬೆಳೆದ ಬ್ಯಾಕ್ಟೀರಿಯಾ ನೋಡಿ ಅವರು ಕೇಳಿದರು: "ಗುಳಿಗೆ ನೀರಲ್ಲಿ ಕರಗಲ್ವಲ್ಲ, ಹೇಗೆ ಬಡಿಸಿದ್ರಿ?"

"ಸ್ಪಿರಿಟ್‌ನಲ್ಲಿ ಕರಗಿಸಿ, ಅಕ್ಕ."

"ಬರೀ ಸ್ಪಿರಿಟ್ ಹಾಕಿದ ತಟ್ಟೆ ಎಲ್ಲಿ?"

"ಅದ್ಯಾಕೆ?"

"ಊಟ ಮಾಡಿದ್ರೋ, ಬರೀ ಕುಡಿದು ಎದ್ರೋ, ಗೊತ್ತಾಗ್ಬೇಡ್ವಾ? ಗುಳಿಗೆನ ಮುಚ್ಚಳದಲ್ಲಿಟ್ಟು ಅದರ ಆವಿ ಉಣಿಸಿ. ಅದನ್ನ ತಿನ್ನೋರು ಮಣ್ಣಲ್ಲಿ ಇದಾರೆ. ನಿಧಾನ ಬೆಳೀತಾರೆ, ಅಷ್ಟೆ."

ನಿಧಾನಕ್ಕೆ ಮೇಷ್ಟ್ರ ಬಳಿ ವೇಳೆಯಿರಲಿಲ್ಲ. ಆದರೂ ಯಾರಿಗೂ ಕಾಣದಂತೆ ಬರೀ ಸ್ಪಿರಿಟ್ಟಿನ ತಟ್ಟೆಯೊಂದನ್ನು ಇಟ್ಟರು. ಅದೂ ಅಷ್ಟೇ ಸೊಂಪಾಗಿ ಬೆಳೆಯಿತು. ಅಳಿಯಂದಿರು ಊಟ ಮುಟ್ಟದೆ ಲೋಟ ಮಾತ್ರ ಖಾಲಿ ಮಾಡಿದ್ದರು! ಮೇಷ್ಟ್ರು ಆ ತಟ್ಟೆಯನ್ನು ಕುದಿಸಿ, ತೊಳೆದು, ಒರೆಸಿಟ್ಟು ಕಣ್ಣು ಮುಚ್ಚಿಕೊಂಡರು. ದೇವರು ಕಣ್ಣು ಮುಚ್ಚುವುದಿಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ.

ಪ್ರಿನ್ಸಿಪಾಲರು ಬರೀ ಮಾತಿಗೆ ಮರುಳಾಗುವವರಲ್ಲ. "ಡಾಂಬರಿನ ಅಂಗಳದ ಹೊಂಡಕ್ಕೇ ಬಿಡಿ ಮೇಷ್ಟ್ರೇ. ನಾತ ಹೋದ್ರೆ ಕುರ್ಚಿ ನಿಮ್ದು" ಎಂದರು.

ಮೇಷ್ಟ್ರು ಬಕೆಟ್ಟುಗಟ್ಟಲೆ ಬ್ಯಾಕ್ಟೀರಿಯಾ ಸುರಿದರು. ವಾರಗಳು ಕಳೆದ ಮೇಲೆ ಎಲ್ಲರೂ ಮೂಗಿಗೆ ಕರವಸ್ತ್ರ ಹಿಡಿದು ಹೊಂಡದ ಸುತ್ತ ನಿಂತರು. ಕರವಸ್ತ್ರ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

"ಹವಾ ಒಗ್ಗಿಲ್ಲ ಸಾರ್" ಎಂದರು ಮೇಷ್ಟ್ರು.

"ಒಂದು ಬಾಟ್ಲಿ ಸ್ಪಿರಿಟ್ ಸುರೀರಿ, ಒಗ್ಗತ್ತೆ" ಎಂದರು ಅಕ್ಕ.

"ಸ್ಪಿರಿಟ್ ಯಾಕ್ರೀ?" ಎಂದು ಪ್ರಿನ್ಸಿಪಾಲರು ತಿರುಗಿದರು. ಪಾಠ ಶುರುವಾದರೆ ಗಂಟೆ ಹೊಡೆದರೂ ನಿಲ್ಲಿಸದ ಮೇಷ್ಟ್ರು ಕರವಸ್ತ್ರವನ್ನು ಮೂಗಿನಿಂದ ಬಾಯಿಗಿಳಿಸಿ ಕಾಲೇಜಿನ ಕಡೆ ಹೊರಟರು. ಪ್ರಿನ್ಸಿಪಾಲರಿಗೆ ಅಷ್ಟು ಸಾಕಾಯಿತು.

ಕುರ್ಚಿ ಬೇರೆ ಯಾರದೋ ಪಾಲಾಯಿತು. ದಿಂಬು ಮನೆಗೆ ಮರಳಿತು. ಹೆಂಡತಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಎರಡು ಗುಳಿಗೆ ಹಾಕಿದರು.

"ಗುಳಿಗೆ ಸವೆಯುತ್ತೆ ಅನ್ನೋ ಭಯ ಇಲ್ಲ ಬಿಡಿ. ನಿಮ್ಮ ಅಳಿಯಂದಿರು ಅದನ್ನ ಮುಟ್ಟಲ್ವಲ್ಲ!"