ಮೂರನೆಯ ಸಲದ ಉಪಚಾರ

ಒಂದನೇ ತರಗತಿಯ ಮಕ್ಕಳಿಗೆ ತಿಂಡಿಯ ಹೊತ್ತಿನಲ್ಲಿ ಸಹಾಯ ಮಾಡಲು ಹೆಂಗಸರು ಬೇಕು ಎಂದು ವಾಟ್ಸಾಪ್ ಗ್ರೂಪಿನಲ್ಲಿ ಬಂದಾಗ ಮೊದಲು ಕೈ ಎತ್ತಿದವಳು ನಾನು. ಶಾಲೆ ಮಸ್ಕತ್ತಿನ ಅಲ್ ಖೌದ್‌ನಲ್ಲಿರುವ ನಮ್ಮ ಫ್ಲ್ಯಾಟಿನಿಂದ ಹತ್ತು ನಿಮಿಷದ ದಾರಿ. ನಮ್ಮ ಒಬ್ಬನೇ ಮಗ ಕಾಲೇಜಿಗೆಂದು ಊರಿಗೆ ಹೋಗಿದ್ದ. ಗಂಡ ಬೆಳಿಗ್ಗೆ ಘಾಲಾದ ಆಫೀಸಿಗೆ ಹೋದರೆ ಬರುವುದು ಸಂಜೆ. ‘ತಿನ್ನು, ಇನ್ನೊಂದು ಹಾಕುತ್ತೇನೆ’ ಎಂದು ಯಾರಿಗೂ ಹೇಳಲಿಕ್ಕಿಲ್ಲದೆ ನನ್ನ ಬಾಯಿಗೆ ತುಕ್ಕು ಹಿಡಿದಿತ್ತು. ಸಂಬಳವಿಲ್ಲ, ಕುತ್ತಿಗೆಗೊಂದು ಬ್ಯಾಡ್ಜ್ ಮಾತ್ರ ಕೊಡುತ್ತೇವೆ ಎಂದರು. ಅಷ್ಟೇ ಸಾಕಾಗಿತ್ತು.

ಮೊದಲ ದಿನವೇ ಕ್ಲಾಸ್ ಟೀಚರ್ ಒಂದು ನಿಯಮಗಳ ಹಾಳೆ ಕೊಟ್ಟು ಸಹಿ ಮಾಡಿ ಎಂದಳು. ಕೇರಳದ ಹುಡುಗಿ, ನನ್ನ ತಂಗಿಯ ಮಗಳ ವಯಸ್ಸು. ನಾಲ್ಕನೆಯ ನಿಯಮ ಓದಿ ನನ್ನ ಮೈ ಉರಿಯಿತು. ಪ್ರತಿ ಸ್ವಯಂಸೇವಕಿ ಒಂದು ಮಗುವಿಗೆ ತಿನ್ನಲು ಒಂದೇ ಸಲ ಹೇಳಬೇಕಂತೆ. ಒತ್ತಾಯ ಮಾಡಬಾರದಂತೆ, ತುತ್ತು ಕೊಡಬಾರದಂತೆ. ನಮ್ಮ ಊರಿನಲ್ಲಿ ಒಂದೇ ಸಲ ಹೇಳಿ ಸುಮ್ಮನಾಗುವವನು ಬಸ್ಸಿನ ಕಂಡಕ್ಟರ್ ಮಾತ್ರ. ಅವನೂ ಸುಮ್ಮನಾಗುವುದು ಅಪರೂಪ.

“ಸೈನ್ ಹಾಕಿ ಅಕ್ಕ. ಮೊದಲು ಒಳಗೆ ಹೋಗುವ, ಮತ್ತೆ ನೋಡುವ,” ಎಂದಳು ನನ್ನ ಪಕ್ಕ ನಿಂತಿದ್ದ ಬ್ಯಾರಿ ಹೆಂಗಸು. ಅವಳ ಗಂಡನಿಗೆ ಅದೇ ರಸ್ತೆಯಲ್ಲಿ ಅಂಗಡಿ. ನನ್ನ ಜೊತೆಗೆ ಸೇರಿಕೊಂಡಿದ್ದ ಇನ್ನೊಬ್ಬ ಸ್ವಯಂಸೇವಕಿ ಅವಳೇ. ನಾನು ಸಿಟ್ಟಿನಲ್ಲಿ ಸಹಿ ಹಾಕಿದ್ದರಿಂದ ಅದು ನನ್ನ ಸಹಿಯ ಹಾಗೆಯೇ ಇರಲಿಲ್ಲ.

ಮಕ್ಕಳು ಒಳ್ಳೆಯವರೇ. ಡಬ್ಬಿಯ ಮುಚ್ಚಳ ತೆಗೆದುಕೊಟ್ಟರೆ “ಥ್ಯಾಂಕ್ಯೂ ಆಂಟಿ” ಎನ್ನುತ್ತಿದ್ದರು. ನಮ್ಮ ಕಡೆಯ ಮಕ್ಕಳನ್ನು ತುಳುವಿನಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ತೊಂದರೆಯಾದದ್ದು ಕಿಟಕಿಯ ಬಳಿ ಕೂರುವ ಒಬ್ಬಳೊಂದಿಗೆ. ಆರು ವರ್ಷದ ಹುಡುಗಿ, ಕಟಪಾಡಿಯಲ್ಲಿ ಅಜ್ಜಿಯ ಜೊತೆ ಬೆಳೆದು ಎರಡು ತಿಂಗಳ ಹಿಂದೆಯಷ್ಟೇ ಇಲ್ಲಿಗೆ ಬಂದವಳು. ತಿಂಡಿಯ ಗಂಟೆ ಹೊಡೆದರೆ ಡಬ್ಬಿಯನ್ನು ಮುಂದಿಟ್ಟುಕೊಂಡು ಅದರ ಮೇಲೆ ಎರಡೂ ಕೈ ಇಟ್ಟು ಕೂರುತ್ತಿದ್ದಳು. ನಾನು ತಿನ್ನು ಎಂದರೆ “ಬೇಡ” ಎನ್ನುತ್ತಿದ್ದಳು. ನಿಯಮದ ಪ್ರಕಾರ ನಾನು ಮುಂದೆ ಹೋಗಬೇಕು. ಡಬ್ಬಿ ಹಾಗೆಯೇ ಮನೆಗೆ ಹೋಗುತ್ತಿತ್ತು.

ಒಂದು ದಿನ ಅವಳ ತಾಯಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು. “ಬಸ್ಸಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಿದ್ದಾಳೆ ಅಕ್ಕ. ತೂಕ ಇಳಿದಿದೆ. ಈ ತಿಂಗಳು ನೋಡ್ತೇನೆ. ಆಗದಿದ್ರೆ ಟಿ.ಸಿ. ತಗೊಂಡು ಊರಿಗೆ ಕರ್ಕೊಂಡು ಹೋಗುವುದೇ. ಇವಳ ಅಪ್ಪ ಮೊದಲಿನ ಹಾಗೆ ಇಲ್ಲಿ ರೂಮಲ್ಲಿ ಒಬ್ಬರೇ ಇರ್ತಾರೆ.” ಮದುವೆಯಾಗಿ ಏಳು ವರ್ಷಕ್ಕೆ ಆ ಮೂವರು ಒಂದೇ ಮನೆಯಲ್ಲಿ ಇದ್ದದ್ದು ಈ ಎರಡು ತಿಂಗಳು ಮಾತ್ರ. ತಿಂಗಳು ಮುಗಿಯಲು ಹದಿನಾರು ದಿನ ಉಳಿದಿತ್ತು.

ನಾನು ಮನೆಯಲ್ಲಿ ಕೂತು ಉಪಾಯಗಳನ್ನು ಹುಡುಕಿದೆ. ಡಬ್ಬಿಯ ಒಳಗಿನ ನೀರುದೋಸೆ ಚಳಿಯಿಂದ ನಡುಗುತ್ತಿದೆ ಎಂಬ ಕಥೆ ಕಟ್ಟಿ ಹೇಳಿದೆ. ಉಳಿದ ಇಪ್ಪತ್ತೇಳು ಮಕ್ಕಳು ಬಾಯಿಯೊಳಗಿದ್ದದ್ದನ್ನು ನುಂಗದೆ ಕೇಳಿದರು, ಒಬ್ಬ ಅತ್ತ, ಅವಳು ಮಾತ್ರ ಅಲ್ಲಾಡಲಿಲ್ಲ. ಅತ್ತವನ ವಿಷಯಕ್ಕೆ ಟೀಚರ್ ನನಗೆ, ಮಕ್ಕಳ ಮನಸ್ಸು ನೋಯಿಸಬಾರದೆಂಬ ಐದನೆಯ ನಿಯಮ ಓದಿ ಹೇಳಿದಳು.

ಮರುವಾರ ಶಾಲೆ ಬಿಟ್ಟ ಹೊತ್ತಿನಲ್ಲಿ ನನಗೆ ಅವಮಾನವೇ ಆಯಿತು. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಮಾನಿ ಹೆಂಗಸು ತನ್ನ ಡಬ್ಬಿಯಿಂದ ಖರ್ಜೂರ ತೆಗೆದು ಅದೇ ಹುಡುಗಿಗೆ ಚಾಚಿದಳು. ಹುಡುಗಿ ಬೇಡವೆಂದು ತಲೆ ಆಡಿಸಿದಳು. ಆಕೆ “ಯಲ್ಲಾ” ಎಂದಳು, ಅರಬ್ಬಿಯಲ್ಲಿ ‘ಹೂಂ, ಬೇಗ’ ಎಂದ ಹಾಗೆ. ಹುಡುಗಿ ಮತ್ತೆ ತಲೆ ಆಡಿಸಿದಳು. ಆಕೆ ಮತ್ತೂ “ಯಲ್ಲಾ, ಯಲ್ಲಾ” ಎಂದಳು. ನನ್ನ ಕಣ್ಣೆದುರಿಗೇ ಹುಡುಗಿ ಖರ್ಜೂರ ತಿಂದು, ಬೀಜ ಉಗಿದು, ಇನ್ನೊಂದಕ್ಕೆ ಕೈ ಚಾಚಿದಳು.

ನಾನು ಬಸ್ಸಿನ ಮೆಟ್ಟಿಲಿಗೇ ಹೋದೆ. “ನನ್ನ ಹತ್ರ ಬೇಡ ಹೇಳ್ತಿ. ಅವರು ಕೊಟ್ರೆ ಹೇಗೆ ತಿಂತಿ?” ಎಂದು ಕೇಳಿಯೇಬಿಟ್ಟೆ.

“ಅವರು ಮೂರು ಸಲ ಹೇಳಿದ್ರು,” ಎಂದಳು. “ಬೇರೆಯವರ ಮನೆಯಲ್ಲಿ ಮೂರು ಸಲ ಹೇಳಿದ ಮೇಲೆ ತಿನ್ಬೇಕು. ಮೊದಲೇ ತಿಂದ್ರೆ ಆಸೆಬುರ್ಕಿ ಹೇಳ್ತಾರೆ. ಅಜ್ಜಿ ಹೇಳಿದ್ದು.”

“ಅದು ನಿನ್ನದೇ ಡಬ್ಬಿ ಅಲ್ವಾ ಮಗಾ?”

“ಸ್ಕೂಲು ನಮ್ದಲ್ಲ ಅಲ್ವಾ.”

ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಈ ಪಾಠ ಕಲಿತೇ ನಾನೂ ಬೆಳೆದವಳು. ಊಟಕ್ಕೆ ಕೂತಾಗ ಎಲೆಗೆ ಅಡ್ಡ ಕೈ ಹಿಡಿಯುತ್ತೇವೆ, ಆದರೆ ಬೆರಳುಗಳ ನಡುವೆ ಪಾಯಸ ಇಳಿಯುವಷ್ಟು ಜಾಗ ಬಿಡುತ್ತೇವೆ. ಮಸ್ಕತ್ತಿಗೆ ಬಂದ ಹೊಸದರಲ್ಲಿ ನಮ್ಮ ಕಡೆಯವರಲ್ಲದ ಒಬ್ಬರ ಮನೆಯಲ್ಲಿ ಎರಡನೆಯ ಹೋಳಿಗೆಗೆ “ಬೇಡ ಬೇಡ” ಎಂದಿದ್ದೆ. ಅವರು ಸರಿ ಎಂದು ತಟ್ಟೆ ಎತ್ತಿಕೊಂಡು ಹೋದರು. ಆ ಹೋಳಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಅಂಥವಳು ದಿನವೂ ಒಂದು ಸಲ ಹೇಳಿ ಈ ಮಗುವನ್ನು ಹಸಿದು ಕೂರಿಸುತ್ತಿದ್ದೆ.

ಸಂಜೆಯೇ ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಅವಳು ಕಟಪಾಡಿಯಲ್ಲಿದ್ದ ಅತ್ತೆಗೆ ವಿಡಿಯೋ ಕಾಲ್ ಮಾಡಿದಳು. ಅಜ್ಜಿಗೆ ಚಿಂತೆಗಿಂತ ಮೊದಲು ಹೆಮ್ಮೆಯಾಯಿತಂತೆ, ನೆರೆಮನೆಯವರನ್ನೂ ಕರೆದು ಹೇಳಿದರಂತೆ. ಆಮೇಲೆ ಮೊಮ್ಮಗಳಿಗೆ, ಶಾಲೆಯಲ್ಲಿ ಯಾರೂ ಹೇಳದಿದ್ದರೂ ತಿನ್ನು ಎಂದರು. ಮರುದಿನವೂ ಡಬ್ಬಿಯ ಮೇಲೆ ಕೈಗಳು ಇದ್ದವು. ಯಾಕೆ ಎಂದು ಕೇಳಿದರೆ, “ಅಜ್ಜಿ ಒಂದೇ ಸಲ ಹೇಳಿದ್ದು,” ಎಂದಳು.

ನಾನು ಟೀಚರಿಗೆ ಎಲ್ಲ ವಿವರಿಸಿ, ಈ ಒಬ್ಬಳಿಗೆ ಮಾತ್ರ ಮೂರು ಸಲ ಹೇಳಲು ಬಿಡಿ ಎಂದು ಬೇಡಿಕೊಂಡೆ. “ಸಾರಿ ಮ್ಯಾಮ್, ರೂಲ್ ಈಸ್ ರೂಲ್,” ಎಂದಳು. ನಾನು ಜಗಳಕ್ಕೆ ಸೆರಗು ಬಿಗಿಯುತ್ತಿದ್ದಾಗ ನನ್ನ ಬ್ಯಾರಿ ಗೆಳತಿ ನಡುವೆ ಬಂದಳು. “ಅಕ್ಕ, ನೀವು ಒಂದು ಸಲ ಹೇಳಿ. ನಾನು ಒಂದು ಸಲ ಹೇಳ್ತೇನೆ. ಟೀಚರ್ ಒಂದು ಸಲ ಹೇಳ್ಲಿ. ರೂಲಿಗೆ ಎಂತ ಆಗ್ತದೆ?” ಅದನ್ನೇ ಹಿಂದಿಯಲ್ಲಿ ಟೀಚರಿಗೂ ಹೇಳಿದಳು. ಟೀಚರ್ ಹಾಳೆ ತೆಗೆದು ಎರಡು ಸಲ ಓದಿದಳು. ಅದರಲ್ಲಿ ಏನೂ ಸಿಗಲಿಲ್ಲ.

ಅವತ್ತಿನಿಂದ ನಾವು ಮೂವರು ಸಾಲಾಗಿ ಹೋಗಿ ಉಪಚಾರ ಮಾಡತೊಡಗಿದೆವು. ಮೊದಲು ನಾನು, ಆಮೇಲೆ ಗೆಳತಿ, ಕೊನೆಗೆ ಟೀಚರ್, ತನ್ನ ಮಲಯಾಳದಲ್ಲಿ ಮಗಳೇ ಎಂದು ಸೇರಿಸಿ, “ಈಟ್ ಮೋಳೇ” ಎನ್ನುತ್ತಿದ್ದಳು. ಹುಡುಗಿ ಎರಡು ಸಲ ಮರ್ಯಾದೆಯಿಂದ ಬೇಡವೆಂದು, ಮೂರನೆಯದಕ್ಕೆ ಮುಚ್ಚಳ ತೆಗೆಯುತ್ತಿದ್ದಳು. ಮೊದಲ ದಿನ ಅರ್ಧ ದೋಸೆ, ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಮೂರು. ನಾನು ಮನೆಗೆ ಬಂದು ಗಂಡನಿಗೆ ದಿನವೂ ಲೆಕ್ಕ ಒಪ್ಪಿಸುತ್ತಿದ್ದೆ, ಅವರು ಪೇಪರಿನ ಹಿಂದಿನಿಂದ ಹೂಂ ಎನ್ನುತ್ತಿದ್ದರು.

ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. “ನೀವಿರುವುದು ಈ ಟರ್ಮ್ ಮುಗಿಯುವವರೆಗೆ. ಮತ್ತೆ ಯಾರು ಮೂರು ಜನ ನಿಂತು ಹೇಳ್ತಾರೆ ಅಕ್ಕ?” ಎಂದಳು. ತಿಂಗಳ ಕೊನೆಯ ದಿನ ಟಿ.ಸಿ. ಅರ್ಜಿ ಬರೆದುಕೊಂಡು ಶಾಲೆಗೆ ಬಂದೇಬಿಟ್ಟಳು. ತಿಂಡಿಯ ಹೊತ್ತು ಎಂದು ಕ್ಲಾಸಿನ ಬಾಗಿಲ ಹೊರಗೆ, ಮಗಳಿಗೆ ಕಾಣದ ಹಾಗೆ ನಿಂತಳು. ಹಾಳಾದ ಗ್ರಹಚಾರಕ್ಕೆ ಅವತ್ತೇ ಗೆಳತಿಯ ಮಗನಿಗೆ ಜ್ವರ, ಟೀಚರಿಗೆ ಮೀಟಿಂಗು. ಬದಲಿಗೆ ಬಂದ ಟೀಚರ್ ಮೂಲೆಯಲ್ಲಿ ನೋಟ್‌ಬುಕ್ ತಿದ್ದುತ್ತಿದ್ದಳು.

ನಾನು ನನ್ನ ಪಾಲಿನ ಒಂದು ಸಲ ಹೇಳಿದೆ. “ಬೇಡ” ಎಂದಳು. ಇನ್ನೊಂದು ಸಲ ಹೇಳಲು ನಾಲಿಗೆ ತುರಿಸುತ್ತಿತ್ತು. ಸಹಿ ಹಾಕಿದ ಹಾಳೆಯನ್ನು ಹರಿದು ಬಿಸಾಡಬೇಕು ಎನ್ನಿಸಿತು. ಅಷ್ಟರಲ್ಲಿ ಪಕ್ಕದ ಹುಡುಗಿ, ಬಾಯಿತುಂಬ ಬ್ರೆಡ್ಡು ಇಟ್ಟುಕೊಂಡು, ತಲೆಯನ್ನೂ ಎತ್ತದೆ “ಈಟ್” ಎಂದಳು. ಇವಳು ಅದಕ್ಕೂ ಬೇಡವೆಂದು ಎರಡು ಬೆರಳು ಮಡಚಿದಳು. ಆಮೇಲೆ ಸುತ್ತ ನೋಡಿದಳು. ಎಲ್ಲರೂ ತಮ್ಮ ತಮ್ಮ ಡಬ್ಬಿಯಲ್ಲಿ ಮುಳುಗಿದ್ದರು. ಇನ್ನು ಯಾರೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಗಿರಬೇಕು.

ಅವಳು ಗಲ್ಲವನ್ನು ಎದೆಗೆ ಒತ್ತಿ, ಸ್ವರ ದಪ್ಪ ಮಾಡಿಕೊಂಡು, ತುಳುವಿನಲ್ಲಿ ತನಗೇ ಹೇಳಿಕೊಂಡಳು: “ತಿನ್ಲ ಮಗಾ.” ಆಮೇಲೆ ತನ್ನ ಸ್ವರದಲ್ಲಿ ಆಯಿತೆಂದು ಉತ್ತರವನ್ನೂ ಕೊಟ್ಟು ಮುಚ್ಚಳ ತೆಗೆದಳು.

ಇನ್ನು ಇವಳಿಗೆ ನನ್ನ ಅಗತ್ಯವಿಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು, ಸುಳ್ಳು ಯಾಕೆ ಹೇಳಲಿ. ಹೊರಗೆ ಹೋದರೆ ತಾಯಿ ಗೋಡೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕೇಳಲಿಲ್ಲ.

“ನಮ್ಮ ಅತ್ತೆಯದ್ದೇ ಸ್ವರ ಅಕ್ಕ,” ಎಂದಳು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನೊಳಗೆ ತುರುಕಿದಳು. ಆಫೀಸಿಗೆ ಎಡಕ್ಕೆ ತಿರುಗಬೇಕಿತ್ತು. ಅವಳು ನೇರವಾಗಿ ಗೇಟಿನ ಕಡೆ ನಡೆದಳು.